ಸುಬಿನನ ಹೊಟ್ಟೆಯ ವಿದೇಶಿ ಅತಿಥಿಗಳು

ದೋನ್ ಕೋಯ್ ಊರಿನಲ್ಲಿ ಇರುವೆ ಕಂಡರೂ ಕಾಲೆತ್ತಿ ಆಚೆಗಿಡುವ ಮೆದು ಮನುಷ್ಯ ಯಾರಪ್ಪಾ ಅಂದರೆ ಸುಬಿನ್. ಹಬ್ಬಕ್ಕೆ ಕೊಚ್ಚುವ ಹಂದಿಯೊಂದನ್ನು ಬಿಟ್ಟರೆ ಅವನಿಂದ ಯಾವ ಪ್ರಾಣಿಗೂ ನೋವಿಲ್ಲ. ಇಂಥವನು ಹತ್ತೇ ದಿನದಲ್ಲಿ, ಮಚ್ಚು ಹಿಡಿಯದೆ, ಕೋವಿ ಮುಟ್ಟದೆ, ಲಕ್ಷ ಕೋಟಿ ಜೀವ ತೆಗೆದುಬಿಟ್ಟ. ಅದೂ ಕೂತಲ್ಲೇ ಕೂತು. ಅಲ್ಲ, ತಪ್ಪು ಹೇಳಿದೆ. ಕೂರಲು ಆಗುತ್ತಿರಲಿಲ್ಲ. ಎಲ್ಲ ಶುರುವಾದದ್ದೇ ಅಲ್ಲಿಂದ.

ಟಿಲ್ಲರ್ ಮೇಲೆ ಕೂತು ಕೂತು, ಕೂರುವ ಜಾಗದಲ್ಲೇ ಒಂದು ಕುರು ಎದ್ದಿತ್ತು. ನಿಂಬೆಗಾತ್ರದ್ದು. ಪಕ್ಕದ ಮನೆಯ ಲಮ್ಯೈ ಅಂಗಡಿ ಇಟ್ಟಿದ್ದಳು. ಗಂಡ ತೀರಿಕೊಂಡು ಆರು ವರ್ಷ. ಅವಳ ಅಂಗಡಿಯಲ್ಲಿ ಸೋಪು, ಮೀನಿನ ಬಲೆ, ಬೀರು, ಕುರುವಿನ ಮಾತ್ರೆ ಎಲ್ಲವೂ ಒಂದೇ ಹಲಗೆಯ ಮೇಲೆ.

"ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಣ್ಣ" ಅಂದಳು ಲಮ್ಯೈ.

"ನನ್ನ ಗಾತ್ರ ನೋಡಿ ಮಾತಾಡು. ಎತ್ತಿಗೂ ಕರುವಿಗೂ ಒಂದೇ ಅಳತೆನಾ?" ಅಂತ ಸುಬಿನ್ ಒಂದು ಹೊತ್ತಿಗೆ ನಾಲ್ಕರಂತೆ ನುಂಗಿದ. ತಣ್ಣನೆ ಬೀರಿನಲ್ಲಿ. ಹತ್ತು ದಿನ.

ಕುರುವೇನೋ ಒಡೆದು ಹೋಯಿತು. ಆದರೆ ಹೊಟ್ಟೆಯಲ್ಲಿ ಯಾರೋ ಮನೆ ಖಾಲಿ ಮಾಡಿಕೊಂಡು ಪಾತ್ರೆ ಪಡಗ ಎಳೆದೊಯ್ಯುವಂಥ ಸದ್ದು ಹಿಡಿಯಿತು. ಕೂತರೆ ಏಳಬೇಕು, ಎದ್ದರೆ ಓಡಬೇಕು. ಮನುಷ್ಯ ನಿಂತಲ್ಲಿ ನಿಲ್ಲದಾದ.

ಅದೇ ವಾರ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಮಾಡುವ ರಕ್ತ ಪರೀಕ್ಷೆ. ಆ ಊರಲ್ಲಿ ರಕ್ತದ ಗುಟ್ಟು ಮುಚ್ಚಿಡಲು ಬರುವುದಿಲ್ಲ. ಫಲಿತಾಂಶ ಬಂದ ಕೂಡಲೇ ಮನೆಯ ಗೇಟಿಗೆ ಬಣ್ಣದ ಚೆಂಡು ನೇತುಹಾಕುತ್ತಾರೆ. ಗಟ್ಟಿಮುಟ್ಟಾಗಿದ್ದರೆ ಹಸಿರು, ಸ್ವಲ್ಪ ಎಚ್ಚರಿಕೆಗೆ ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ಸುಬಿನನ ಗೇಟಿಗೆ ಬಂದದ್ದು ಮಾಗಿದ ಟೊಮೆಟೊದಂಥ ಕೆಂಪು. ಕೊಲೆಸ್ಟ್ರಾಲ್ ಇನ್ನೂರ ತೊಂಬತ್ತು. ಲಿವರಿನ ತುಂಬ ಕೊಬ್ಬು.

ಚೆಂಡು ಇನ್ನೂ ತೂಗಾಡುತ್ತಿರುವಾಗಲೇ ಊರಿನ ಮುಖ್ಯಸ್ಥ ಸಾಖೋನ್ ಸೈಕಲ್ ನಿಲ್ಲಿಸಿದ.

"ಸುಬಿನ್, ಬೇಜಾರು ಮಾಡ್ಕೋಬೇಡ. ಈ ಸಲ ಆಕಾಶಬಾಣದ ಹಬ್ಬಕ್ಕೆ ಲಾಪ್ ಕಲಸೋದು ನೀನಲ್ಲ."

ಮಳೆ ಬರಲಿ ಅಂತ ಆಕಾಶಕ್ಕೆ ಬಾಣ ಬಿಡುವ ಆ ಹಬ್ಬದ ದಿನ, ಇಡೀ ಊರಿಗೆ ಬೇಕಾದ ಹಸಿ ಮಾಂಸ ಕೊಚ್ಚಿ, ಹುರಿದಕ್ಕಿ ಪುಡಿ, ಖಾರ, ಪುದೀನ ಹಾಕಿ ಲಾಪ್ ಕಲಸಿ, ಮೊದಲ ತುತ್ತು ರುಚಿ ನೋಡಿ "ಆಯ್ತು" ಅನ್ನುವ ಹಕ್ಕು ಹತ್ತೊಂಬತ್ತು ವರ್ಷದಿಂದ ಸುಬಿನನದು. ಅವನು "ಆಯ್ತು" ಅನ್ನುವ ತನಕ ಬಾಣಕ್ಕೂ ಬೆಂಕಿ ಇಡುವಂತಿಲ್ಲ.

"ಯಾಕೆ ಯಜಮಾನ್ರೇ?"

"ಜಿಲ್ಲೆಯಿಂದ ನಮಗೆ 'ಆರೋಗ್ಯವಂತ ಊರು' ಅನ್ನೋ ಫಲಕ ಬರಬೇಕು. ಲಾಪ್ ಚಪ್ಪರದಲ್ಲಿ ಕೆಂಪು ಚೆಂಡಿನವನು ಸೌಟು ಹಿಡಿದು ನಿಂತ್ರೆ ಬಂದವರು ನಗ್ತಾರೆ. ಹಬ್ಬಕ್ಕೆ ಏಳು ವಾರ ಇದೆ. ಹಬ್ಬದ ಹಿಂದಿನ ವಾರ ಇನ್ನೊಂದು ಪರೀಕ್ಷೆ. ಚೆಂಡು ಹಳದಿಗೆ ಇಳೀತಾ, ಸೌಟು ನಿಂದು. ಇಲ್ಲಾಂದ್ರೆ ವಿಚಿತ್‌ಗೆ."

"ವಿಚಿತ್‌ಗಾ! ಅವನು ಲಾಪ್‌ಗೆ ಸಕ್ಕರೆ ಹಾಕ್ತಾನೆ!"

"ಒಂದು ಚಮಚ ಅಂತೆ."

"ಒಂದು ಚಮಚ ಇವತ್ತು. ನಾಳೆ ಬೆಲ್ಲ. ನಾಡಿದ್ದು ಐಸ್ ಕ್ರೀಮ್!"

ಮಾರನೆ ದಿನ ಹೆಂಡತಿ ಬುವಾಲೈ ಅವನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ನರ್ಸ್ ವರುನೀಯನ್ನು ಊರವರೆಲ್ಲ ಡಾಕ್ಟ್ರಮ್ಮ ಅಂತಲೇ ಕರೆಯುತ್ತಿದ್ದರು. ಆಕೆ ಕಾಗದ ನೋಡಿ, ಸುಬಿನನನ್ನು ನೋಡಿ, ಮತ್ತೆ ಕಾಗದ ನೋಡಿದಳು.

"ಅಣ್ಣ, ಕೊಲೆಸ್ಟ್ರಾಲ್ ಅನ್ನೋದು ಬರೀ ವಿಷ ಅಲ್ಲ. ಲಿವರ್ ಅದರಿಂದಲೇ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತೆ. ಕರುಳಲ್ಲಿ ಕಣ್ಣಿಗೆ ಕಾಣದ ಒಳ್ಳೇ ಕ್ರಿಮಿಗಳಿವೆ. ಆ ಪಿತ್ತರಸನ ಬದಲಾಯಿಸೋದು ಅವೇ. ಒಂದಿಷ್ಟು ಕೊಲೆಸ್ಟ್ರಾಲನ್ನ ಮೈಗೆ ಹತ್ತದ ಹಾಗೆ ಮಾಡಿ ಹೊರಗೆ ದಾಟಿಸೋದೂ ಅವೇ. ನೀನು ಆ ಮಾತ್ರೆ ಹಿಡಿಗಟ್ಟಲೆ ನುಂಗಿ ಅವನ್ನ ಲಕ್ಷ ಕೋಟಿ ಲೆಕ್ಕದಲ್ಲಿ ಬಡಿದು ಹಾಕಿದೀಯ. ಕರುಳು ಕೆಟ್ರೆ ಅದರ ಕೊಳೆ ನೇರ ಲಿವರಿಗೆ ಬಂದು ಬೀಳುತ್ತೆ."

"ಅಂದ್ರೆ," ಸುಬಿನನ ಮುಖ ಅರಳಿತು, "ಕೊಬ್ಬು ಹೊರಗೆ ಹಾಕೋ ಕೆಲಸದವರು ಇಲ್ಲದೇ ಕೊಬ್ಬು ಉಳ್ಕೊಂಡಿದೆ. ತಪ್ಪು ನಂದಲ್ಲ!"

"ತಪ್ಪು ನಿಂದೇ! ಬೀರು ಯಾರು ಕುಡಿದಿದ್ದು? ಹಂದಿ ಕೊಬ್ಬು ಯಾರು ತಿಂದಿದ್ದು? ಮಾತ್ರೆ ತಿನ್ನೋಕೆ ಮುಂಚೇನೂ ನಿಂದು ಕಿತ್ತಳೆ ಚೆಂಡು. ಕ್ರಿಮಿಗಳದ್ದು ಅದರಲ್ಲಿ ಒಂದು ಪಾಲು ಅಷ್ಟೆ."

ಡಾಕ್ಟ್ರಮ್ಮ ಇನ್ನೂ ತುಂಬ ಹೇಳಿದಳು. ಆದರೆ ತನಗೆ ಬೇಕಾದ ಮಾತು ಕಿವಿಗೆ ಬಿದ್ದ ಮೇಲೆ ಕಿವಿ ಮುಚ್ಚಿಕೊಳ್ಳುವ ವಿದ್ಯೆ ಸುಬಿನನಿಗೆ ಹುಟ್ಟಿನಿಂದ ಬಂದದ್ದು.

ದಾರಿಯಲ್ಲಿ ಬುವಾಲೈ ಅಂದಳು: "ನಮ್ಮಪ್ಪನೂ ಹಸಿ ಮಾಂಸ, ಹೆಂಡ ಬಿಡದೆ ಹೀಗೇ ನಗ್ತಾ ನಗ್ತಾ ಬಂದ, ಇದೇ ದಾರೀಲಿ. ನಾಲ್ಕು ತಿಂಗಳಿಗೆ ಅರಿಸಿನದ ಕೊಂಬಿನ ಥರ ಹಳದಿ ಆದ. ಐದನೇ ತಿಂಗಳಿಗೆ ಇರಲಿಲ್ಲ."

"ನಿಮ್ಮಪ್ಪನ ಹತ್ರ ಕೆಲಸದವರು ಇರಲಿಲ್ಲ ಕಣೇ. ನನ್ನ ಹತ್ರ ಇದ್ರು. ಹೆದರಿ ಓಡಿಹೋಗಿದಾರೆ. ಕರೆದ್ರೆ ಬರ್ತಾರೆ."

ಬುವಾಲೈ ಮಾತಾಡಲಿಲ್ಲ. ಅವಳು ಮಾತು ನಿಲ್ಲಿಸಿದರೆ ಏನೋ ನೇಯುತ್ತಿದ್ದಾಳೆ ಅಂತ ಅರ್ಥ.

ಮನೆಯಲ್ಲಿ ಸುಬಿನನ ಅತ್ತೆ ಓನ್ಸಾ ಸುದ್ದಿ ಕೇಳಿ ಎದೆ ಬಡಿದುಕೊಂಡಳು. "ಲಕ್ಷ ಕೋಟಿ ಜೀವ! ಸೊಳ್ಳೆ ಹೊಡೆಯೋಕೂ ಹಿಂದೆ ಮುಂದೆ ನೋಡೋ ಮನೆತನ ನಮ್ಮದು. ನೀನು ಏಳು ಜನ್ಮ ಹುಳ ಆಗಿ ಹುಟ್ತೀಯ ಕಣೋ, ಅದೂ ಯಾವನಾದ್ರೂ ಕುಡುಕನ ಕರುಳಲ್ಲಿ!"

ಅದಕ್ಕೇ ಸುಬಿನನ ಮನಸ್ಸು ಗಟ್ಟಿಯಾಯಿತು. ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವಾನ್ ಇರುತ್ತವೆ. ಖ್ವಾನ್ ಅಂದರೆ ಮೈಯನ್ನು ಕಾಯುವ ಜೀವಕಳೆ. ಬೆಚ್ಚಿಬಿದ್ದರೆ, ಕಾಯಿಲೆ ಬಿದ್ದರೆ ಅವು ಓಡಿಹೋಗುತ್ತವೆ. ಆಗ ತಟ್ಟೆ ಕಟ್ಟಿ, ಮಂತ್ರ ಹೇಳಿ, ಕರೆದು, ಮತ್ತೆ ಓಡದ ಹಾಗೆ ಮುಂಗೈಗೆ ಬಿಳಿ ದಾರ ಕಟ್ಟುವುದು ಪದ್ಧತಿ. ದೂರದಿಂದ ಬಂದ ಅತಿಥಿಗಳಿಗೂ ಇದೇ ಶಾಸ್ತ್ರ. ಓಡಿಹೋದ ಖ್ವಾನನ್ನು ಕರೆಯಬಹುದಾದರೆ ಓಡಿಹೋದ ಕ್ರಿಮಿಯನ್ನು ಯಾಕೆ ಕರೆಯಬಾರದು? ಈ ಪ್ರಶ್ನೆಗೆ ಇವತ್ತಿನವರೆಗೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಖ್ವಾನ್ ಕರೆಯುವ ಪಿಂಪಾ ಅಜ್ಜನಿಗೆ ಎಪ್ಪತ್ತೆಂಟು. ಬಾಯಿ ತುಂಬ ಎಲೆ ಅಡಿಕೆ.

"ಎಷ್ಟು ಜನ ಓಡಿಹೋಗಿರೋದು?"

"ಲಕ್ಷ ಕೋಟಿ ಅಂತೆ ಅಜ್ಜ."

ಅಜ್ಜ ಎಲೆ ಅಡಿಕೆ ಉಗುಳಿದ. "ಮೂವತ್ತೆರಡು ಕರೆಯೋಕೇ ಒಂದು ಗಂಟೆ ಬೇಕು. ಲಕ್ಷ ಕೋಟಿ ಕರೆದು ಮುಗಿಸೋ ಹೊತ್ತಿಗೆ ನಾನು ಎರಡು ಸಲ ಸತ್ತು ಹುಟ್ಟಿರ್ತೀನಿ. ಮನೆತನದ ಹೆಸರು ತಗೊಂಡು ಬಾ. ಒಬ್ಬೊಬ್ಬ ಯಜಮಾನನ್ನ ಕರೆದ್ರೆ ಮಕ್ಕಳು ಮರಿ ಹಿಂದೆ ಬರ್ತವೆ."

ಸುಬಿನ್ ಆರೋಗ್ಯ ಕೇಂದ್ರಕ್ಕೆ ಓಡಿದ. ಹೊಟ್ಟೆ ಕ್ರಿಮಿಗಳ ಹೆಸರು ಬೇಕು ಅಂದಾಗ ಡಾಕ್ಟ್ರಮ್ಮನ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷದ ಸೇವೆಯಲ್ಲಿ ಇಷ್ಟು ಆಸಕ್ತಿಯಿಂದ ಯಾರೂ ಕೇಳಿರಲಿಲ್ಲ. ನಾಲ್ಕು ಹೆಸರು ಬರೆದುಕೊಟ್ಟಳು: ಲ್ಯಾಕ್ಟೊಬ್ಯಾಸಿಲಸ್, ಬಿಫಿಡೊಬ್ಯಾಕ್ಟೀರಿಯಂ, ಬ್ಯಾಕ್ಟಿರಾಯ್ಡೀಸ್, ಅಕರ್ಮಾನ್ಸಿಯಾ. ಅವಕ್ಕೆ ಏನಿಷ್ಟ ಅನ್ನುವುದನ್ನೂ ಹೇಳಿದಳು.

ಅಜ್ಜ ಕಾಗದವನ್ನು ದೂರ ಹಿಡಿದು ಓದಿದ. ಹತ್ತಿರ ಹಿಡಿದು ಓದಿದ.

"ಇವರು ನಮ್ಮ ಕಡೆಯವರಲ್ಲ."

"ನನ್ನ ಹೊಟ್ಟೇಲೇ ಹುಟ್ಟಿ ಬೆಳೆದವರು ಅಜ್ಜ."

"ಇರಲಿ. ತಟ್ಟೆಗೆ ಏನಿಡ್ತೀಯ? ಬೇಯಿಸಿದ ಮೊಟ್ಟೆ?"

"ಬೇಡವಂತೆ. ಬಾಳೆಹೂವು, ಪಾಲಿಶ್ ಮಾಡದ ಅಕ್ಕಿ, ಅಲಸಂದೆ, ನುಗ್ಗೆಸೊಪ್ಪು."

"ಕೋಳಿ?"

"ಅಷ್ಟೇನೂ ಇಷ್ಟ ಇಲ್ಲವಂತೆ."

"ಹೆಂಡ?" ಅಜ್ಜನ ದನಿ ಸಣ್ಣಗಾಯಿತು. ಶಾಸ್ತ್ರ ಮುಗಿದ ಮೇಲೆ ತಟ್ಟೆಯ ಪಕ್ಕದ ಬಾಟಲಿ ಅಜ್ಜನಿಗೆ ಸೇರುವುದು ತಲೆತಲಾಂತರದ ನ್ಯಾಯ.

"ಹೆಂಡ ಕಂಡ್ರೆ ಉಳಿಯೋದೇ ಇಲ್ಲವಂತೆ ಅಜ್ಜ."

ಅಜ್ಜ ಎಲೆಪೆಟ್ಟಿಗೆ ಮುಚ್ಚಿ, ಕಾಗದವನ್ನು ಅದರ ಕೆಳಗೆ ಸಿಕ್ಕಿಸಿದ. "ಇಂಥ ನೆಂಟರನ್ನ ಕರೆಯೋದಕ್ಕಿಂತ ಬಂದಿರೋರನ್ನ ಓಡಿಸೋದು ವಾಸಿ" ಅಂದ. ಆದರೂ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ದಿನ ಗೊತ್ತು ಮಾಡಿದ.

ಸುಬಿನ್ ಈ ಕಡೆ ಹೋದ, ಮುಖ್ಯಸ್ಥ ಸಾಖೋನ್ ಆ ಕಡೆಯಿಂದ ಬಂದ. ಎಲೆಪೆಟ್ಟಿಗೆಯ ಕೆಳಗೆ ಕಾಗದ ಕಾಣಿಸಿತು. ದೋನ್ ಕೋಯ್‌ಗೆ ಆಗಲೇ ಏಳು ಜನ ಬಿಳಿಯ ಅಳಿಯಂದಿರು. ನಾಲಿಗೆ ಹೊರಳದ ಹೆಸರು ಕಂಡರೆ ಸಾಖೋನ್ ಮೊದಲು ಯೋಚಿಸುವುದು ಅವರಿಗೆ ಕುರ್ಚಿ ಸಾಲುತ್ತದಾ ಅಂತ.

"ಯಾರಜ್ಜ ಇವರು ನಾಲ್ಕು ಜನ?"

"ಸುಬಿನನ ಮನೇಲಿದ್ರಂತೆ. ಅವನು ಕೊಟ್ಟ ಹಿಂಸೆಗೆ ಬಿಟ್ಟು ಹೋದ್ರಂತೆ. ಮಂಗಳವಾರ ವಾಪಸ್ ಕರೀಬೇಕಂತೆ. ಹೆಂಡ ಮುಟ್ಟಲ್ಲ, ಬರೀ ಸೊಪ್ಪು ಸದೆ ತಿಂತಾರಂತೆ," ಅಜ್ಜ ಹಲ್ಲು ಕಡಿದ. "ದರಿದ್ರದವರು."

ಸಾಖೋನನ ತಲೆಯೊಳಗೆ ದೀಪ ಹತ್ತಿತು. ಹೆಂಡ ಮುಟ್ಟದ, ಸೊಪ್ಪು ತಿನ್ನುವ ವಿದೇಶಿಗಳು! ಆರೋಗ್ಯಕ್ಕಾಗಿಯೇ ಊರೂರು ಸುತ್ತುವ ದೊಡ್ಡ ಕುಳಗಳು ಇರಬೇಕು. ಇವರು ಬಂದು ಇಲ್ಲಿ ನೆಲೆಸಿದರೆ ಫಲಕ ತಾನಾಗಿ ನಡೆದುಕೊಂಡು ಬರುತ್ತದೆ. ಅಂಥವರನ್ನು ಆ ಸುಬಿನ್ ಓಡಿಸಿಬಿಟ್ಟಿದ್ದಾನೆ!

ಮರುದಿನ ಬೆಳಿಗ್ಗೆ ಆರಕ್ಕೆ ಊರಿನ ಕಂಬದ ಮೇಲಿನ ಮೈಕು ಕೆಮ್ಮಿತು. "ಹಲೋ, ಹಲೋ. ಊರಿನ ಸಮಸ್ತ ಬಂಧುಗಳಿಗೆ. ಮಂಗಳವಾರ ಒಂಬತ್ತಕ್ಕೆ ಸುಬಿನ್ ಮನೆಯಲ್ಲಿ ಲ್ಯಾಕ್ಟೊ ಮುಂತಾದ ನಾಲ್ಕು ಗೌರವಾನ್ವಿತ ಅತಿಥಿಗಳನ್ನು ಬರಮಾಡಿಕೊಳ್ಳೋ ಶಾಸ್ತ್ರ ಇದೆ. ಎಲ್ಲರೂ ರೇಷ್ಮೆ ಉಟ್ಟು ಬರಬೇಕು. ಯಾರೂ ಕುಡಿದು ಬರಬಾರದು. ಮುಖ್ಯವಾಗಿ ವಿಚಿತ್."

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಸುಬಿನ್ ಬ್ರಷ್ಷನ್ನು ಬಾಯಿಂದ ತೆಗೆದ. "ಕೇಳಿದ್ಯಾ ಬುವಾಲೈ? ನನ್ನ ಹೊಟ್ಟೆಯವರನ್ನ ಯಜಮಾನ್ರು ಗೌರವಾನ್ವಿತ ಅಂದ್ರು."

ಬುವಾಲೈ ಮೈಕಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ತಿಳಿಸಿ ಹೇಳೋಣ ಅಂತ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಸೀದಾ ಲಮ್ಯೈಯ ಅಂಗಡಿಗೆ ಹೋಗಿ ನಾಲ್ಕು ಉಂಡೆ ಬಿಳಿ ದಾರ, ಒಂದು ಬಾಟಲಿ ಅಕ್ಕಿ ಹೆಂಡ ತಂದಳು.

"ಅಕ್ಕಾ, ಆ ನಾಲ್ವರಲ್ಲಿ ಒಂಟಿಯಾಗಿರೋರು ಯಾರಾದ್ರೂ ಇದಾರಾ?" ಲಮ್ಯೈ ಪಿಸುಗುಟ್ಟಿದಳು. "ಆ ಲ್ಯಾಕ್ಟೊ ಅನ್ನೋರಿಗೆ ಎಷ್ಟು ವಯಸ್ಸು?"

"ಅವರೆಲ್ಲ ದೊಡ್ಡ ಸಂಸಾರಸ್ಥರು ಕಣೆ. ತುಂಬಾ ದೊಡ್ಡ ಸಂಸಾರ" ಅಂದಳು ಬುವಾಲೈ.

ಮಂಗಳವಾರ ಸುಬಿನನ ಮನೆ ಮುಂದೆ ಸೂಜಿ ಬಿದ್ದರೆ ನೆಲ ಸಿಗುವಂತಿರಲಿಲ್ಲ. ಸಾಖೋನ್ ಖಾಕಿ ಹಾಕಿಕೊಂಡು ಬಂದಿದ್ದ. ತಾಲ್ಲೂಕಿನಿಂದ ಉಪ ಅಧಿಕಾರಿಯನ್ನೇ ಕರೆಸಿದ್ದ. ಅವರ ಜೊತೆ ನಾಲ್ಕು ಮಲ್ಲಿಗೆ ಹಾರ, ಒಬ್ಬ ಫೋಟೋದವನು. ಮುಂದಿನ ಸಾಲಿನಲ್ಲಿ ನಾಲ್ಕು ಖಾಲಿ ಕುರ್ಚಿ. ಐದನೆಯದರಲ್ಲಿ ಲಮ್ಯೈ, ತುಟಿಗೆ ಬಣ್ಣ, ಮುಖಕ್ಕೆ ಇಷ್ಟು ದಪ್ಪ ಪೌಡರು, ಕೂತರೆ ಹರಿಯುವ ರೇಷ್ಮೆ.

ಅಧಿಕಾರಿ ಸುಬಿನನನ್ನು ಪಕ್ಕಕ್ಕೆ ಕರೆದ. "ನಿಮ್ಮ ಅತಿಥಿಗಳು ಏನು ಕೆಲಸ ಮಾಡ್ತಾರೆ?"

"ಕೊಬ್ಬು ಸಾಗಿಸ್ತಾರೆ ಸಾಹೇಬ್ರೇ."

"ಓ, ಎಣ್ಣೆ ವ್ಯಾಪಾರ. ಇಲ್ಲಿಗೆ ಹೇಗೆ ಬರ್ತಾರೆ?"

"ಬಾಯಿಂದಲೇ ಬರಬೇಕು ಸಾಹೇಬ್ರೇ, ಬೇರೆ ದಾರಿ ಇಲ್ಲ."

ಅಧಿಕಾರಿ ಏನೂ ಅರ್ಥವಾಗದೆ, ಅರ್ಥವಾದವನ ಹಾಗೆ ತಲೆಯಾಡಿಸಿದ. ಅಧಿಕಾರಿಗಳಿಗೆ ಅದೊಂದು ತರಬೇತಿ ಇರುತ್ತದೆ.

ತಟ್ಟೆಯ ಮೇಲೆ ಕಟ್ಟಿದ ಬಾಳೆಎಲೆಯ ಗೋಪುರದ ಮುಂದೆ ಪಿಂಪಾ ಅಜ್ಜ ಕೂತ. ಬೆಳಿಗ್ಗೆಯೇ ಕಣ್ಣು ಕೆಂಪಗಿತ್ತು. ಹೆಂಡ ಸಿಗದ ದುಃಖಕ್ಕೆ ಅತ್ತಿರಬೇಕು ಅಂತ ಸುಬಿನ್ ನೊಂದುಕೊಂಡ. ಅಜ್ಜ ಗಂಟಲು ಸರಿಮಾಡಿಕೊಂಡು ರಾಗ ಎತ್ತಿದ:

"ಬಾರಪ್ಪಾ ಲ್ಯಾಕ್ಟೊಬ್ಯಾಸಿಲಸ್ಸೇ, ಬಿದಿರ ಮೆಳೆಯಲ್ಲಿ ಅಡಗಿದ್ದರೂ ಬಾ! ಬಾರಪ್ಪಾ ಬಿಫಿಡೊವೇ, ಹೊಂಡದ ಕೆಸರಲ್ಲಿ ಹೂತಿದ್ದರೂ ಬಾ! ಬ್ಯಾಕ್ಟಿರಾಯ್ಡಪ್ಪಾ, ಕಕ್ಕಸಿನ ಗುಂಡಿಯಲ್ಲಿ ಕೂತಿದ್ದರೂ ಎದ್ದು ಬಾ!"

ಅಧಿಕಾರಿ ಬೆಚ್ಚಿ ಸಾಖೋನನ ಕಡೆ ನೋಡಿದ. ಸಾಖೋನ್ ಬೆವರು ಒರೆಸಿಕೊಂಡ.

"ಅಕರ್ಮಾನ್ಸಿಯಮ್ಮಾ, ನೀನೂ ಬಾ ತಾಯಿ! ಬಾಳೆಹೂವು ಇಟ್ಟಿದೆ, ಅಲಸಂದೆ ಬೆಂದಿದೆ. ನಿಮ್ಮ ಹಳೇ ಮನೆ ಕಾಯ್ತಾ ಇದೆ. ಹದಿನಾರು ಮೊಳ ಉದ್ದದ ಮನೆ, ಬಾಗಿಲು ಎರಡು, ಕಿಟಕಿ ಇಲ್ಲ! ಬನ್ನಿ, ಸುಬಿನನ ಕರುಳಿಗೆ ಬನ್ನಿ!"

ಮುನ್ನೂರು ಜನ ಒಟ್ಟಿಗೆ ಉಸಿರು ಹಿಡಿದರು. ಎಲ್ಲರ ಕಣ್ಣೂ ಸುಬಿನನ ಹೊಟ್ಟೆಯ ಮೇಲೆ. ಸುಬಿನ್ ಅಂಗಿ ಎತ್ತಿ, ಅತಿಥಿಗಳಿಗೆ ಕಾಣಲಿ ಅಂತ, ಹೊಟ್ಟೆಯನ್ನು ಬಿಸಿಲಿಗೆ ತಿರುಗಿಸಿದ.

"ಇಷ್ಟು ಪೌಡರ್ ಹಚ್ಕೊಂಡಿದ್ದು ಹುಳಕ್ಕಾ?" ಲಮ್ಯೈ ಕಿರುಚಿದಳು.

ಗುಂಪು ಗೊಳ್ಳೆಂದಿತು. ಸಾಖೋನನ ಖಾಕಿ ಬೆನ್ನಿಗೆ ಅಂಟಿತು. ಡಾಕ್ಟ್ರಮ್ಮ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದಲೇ ಅಧಿಕಾರಿಗೆ ಎರಡು ಮಾತಿನಲ್ಲಿ ವಿಷಯ ತಿಳಿಸಿದಳು. ಈಗ ಅಧಿಕಾರಿಯ ಮರ್ಯಾದೆ ಅಡಕತ್ತರಿಯಲ್ಲಿ ಸಿಕ್ಕಿತು. ಹಾರ ತಂದಾಗಿದೆ, ಫೋಟೋದವನು ಬಂದಾಗಿದೆ, ಭಾಷಣ ಬರೆಸಿಯಾಗಿದೆ. ಬರೆಸಿದ ಭಾಷಣವನ್ನು ಮಾಡದೆ ಹಿಂದಕ್ಕೆ ಒಯ್ದ ಅಧಿಕಾರಿ ಎಲ್ಲಾದರೂ ಇದ್ದಾನಾ? ಆತ ಎದ್ದು ನಿಂತ.

"ತಾಲ್ಲೂಕಿನ ಪರವಾಗಿ," ಸುಬಿನನ ಹೊಕ್ಕುಳಿಗೆ ಮುಖ ಮಾಡಿ ಹೇಳಿದ, "ಈ ನಾಲ್ಕು ಅತಿಥಿಗಳಿಗೆ ಸ್ವಾಗತ. ತಾವು ಇಲ್ಲಿ ಬಹುಕಾಲ ನೆಲೆಸಿ, ಈ ಭಾಗದ ಏಳಿಗೆಗೆ ದುಡಿಯಬೇಕು."

ನಾಲ್ಕು ಹಾರವೂ ಸುಬಿನನ ಕೊರಳಿಗೆ ಬಿತ್ತು. ಫೋಟೋ ತೆಗೆದರು. ಫೋಟೋದಲ್ಲಿ ಮುಖಕ್ಕಿಂತ ಹೊಟ್ಟೆ ಚೆನ್ನಾಗಿ ಬಂತು.

ಆಗ ಪಿಂಪಾ ಅಜ್ಜ ಕೈ ಎತ್ತಿದ. "ಇನ್ನೊಂದು ಮಾತು. ಕರೆದಾಯ್ತು, ಅವರು ಬಂದಾಯ್ತು. ಈಗ ದಾರ. ನೆನಪಿರಲಿ ಸುಬಿನ್, ಕೈ ಮೇಲೆ ಒಂದೇ ಒಂದು ದಾರ ಇರೋ ತನಕ ಇವರು ನಿನ್ನ ಅತಿಥಿಗಳು. ಕರೆದ ತಟ್ಟೇಲಿ ಏನಿಟ್ಟಿದ್ಯೋ ಅದನ್ನೇ ಬಡಿಸಬೇಕು. ಹೆಂಡ ಕುಡಿದ್ರೆ, ಹಸಿ ಮಾಂಸ, ಕೊಬ್ಬು ತಿಂದ್ರೆ ಅತಿಥಿ ಮುಖಕ್ಕೆ ಉಗಿದ ಹಾಗೆ. ದಾರ ಕೀಳಬಾರದು, ಕತ್ತರಿಸಬಾರದು. ತಾನಾಗೇ ಉದುರಬೇಕು."

"ಮೂರು ದಿನ ತಾನೇ ಅಜ್ಜ ವಾಡಿಕೆ?"

"ಮೂರು ದಿನ ನಮ್ಮೂರ ನೆಂಟರಿಗೆ. ಇವರು ದೂರದವರು."

ಊರಿಗೆ ಊರೇ ಸಾಲುಗಟ್ಟಿತು. ಒಬ್ಬೊಬ್ಬರೂ ಒಂದೊಂದು ದಾರ. ಅತ್ತೆ ಓನ್ಸಾ ಎರಡು ಸಲ ಸಾಲಲ್ಲಿ ನಿಂತಳು. ವಿಚಿತ್ ಹಲ್ಲು ಕಿರಿಯುತ್ತ ಮೂರು ಗಂಟು ಹಾಕಿದ. ಲಮ್ಯೈ ರಕ್ತ ನಿಲ್ಲುವಷ್ಟು ಬಿಗಿದಳು. ಎರಡೂ ಕೈ ಮೊಣಕೈವರೆಗೆ ಬೆಳ್ಳಗಾಯಿತು. ಕೊನೆಗೆ ಅಧಿಕಾರಿಯ ಸರದಿ ಬಂದಾಗ ದಾರ ಮುಗಿದಿತ್ತು.

"ಅಯ್ಯೋ, ನನ್ನ ಹತ್ರ ಒಂದಿದೆ ಸಾಹೇಬ್ರೇ" ಅಂತ ಬುವಾಲೈ ಸೊಂಟದಿಂದ ಒಂದು ಎಳೆ ತೆಗೆದುಕೊಟ್ಟಳು. ಅಧಿಕಾರಿ ಅದನ್ನು ಸುಬಿನನ ಬಲಗೈಗೆ ಕಟ್ಟಿ, ಸರ್ಕಾರದ ಕಡೆಯಿಂದ ಅಂತ ಇನ್ನೊಂದು ಗಂಟು ಬಿಗಿದ.

ಅಲ್ಲಿಂದ ಸುಬಿನನ ಕಷ್ಟ ಶುರುವಾಯಿತು. ಬೀರಿನ ಬಾಟಲಿಗೆ ಕೈ ಚಾಚಿದರೆ ಕಣ್ಣಿಗೆ ಬೀಳುವುದು ಬಾಟಲಿಯಲ್ಲ, ಮುನ್ನೂರು ದಾರ.

"ಅಣ್ಣಾ, ಆ ಮೂರನೇದು ನಂದು!" ಅಂತ ಬೇಲಿಯಾಚೆಯಿಂದ ಒಬ್ಬ.

"ಅತಿಥಿಗಳು ಹೇಗಿದಾರೆ?" ಅಂತ ಹಾಲಿನವನು.

"ರಾತ್ರಿ ಏನು ಬಡಿಸಿದೆ?" ಅಂತ ಗದ್ದೆಯ ಆ ಬದಿಯಿಂದ ಒಬ್ಬಳು.

ಒಮ್ಮೆ ಕೈ ಮುಟ್ಟಿಸದೆ ಕುಡಿದರೆ ದೋಷವಿಲ್ಲ ಅಂತ ಬಾಟಲಿಯನ್ನು ಭತ್ತದ ಚೀಲಗಳ ಮಧ್ಯೆ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು, ಹೀರುಕೊಳವೆ ಹಾಕಿ ಬಗ್ಗಿದ. ತುಟಿಗೆ ಕೊಳವೆ ತಾಕಿತು. ಹಿಂದಿನಿಂದ ಅತ್ತೆ ಓನ್ಸಾ ಕೇಳಿದಳು: "ಯಾರಿಗಪ್ಪಾ ನಮಸ್ಕಾರ ಮಾಡ್ತಿದೀಯ?" ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಬಾಯಿಗೆ ಬಂದದ್ದೂ ಗಂಟಲಿಗೆ ಇಳಿಯಲಿಲ್ಲ.

ಹಸಿವಾಗಿ ಹೊಟ್ಟೆ ಗುಡುಗಿದರೆ ಸುಬಿನ್ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. "ಕೇಳು ಬುವಾಲೈ, ಇದು ಬಿಫಿಡೊ ದನಿ. ದಪ್ಪ ಗಂಟಲು. ಅಲಸಂದೆ ಕೇಳ್ತಿದಾನೆ." ಬುವಾಲೈ ಅಲಸಂದೆ ಬಡಿಸುತ್ತಿದ್ದಳು. "ಈಗ ಆ ಹೆಂಗಸು. ಬಾಳೆಹೂವು ಬೇಕಂತೆ." ಬುವಾಲೈ ಬಾಳೆಹೂವು ಬಡಿಸುತ್ತಿದ್ದಳು. ತನ್ನ ಒಬ್ಬನ ಬಾಯಿಗೆ ಹಾಕಿದ್ದರೆ ಮೂರನೇ ದಿನವೇ ತಟ್ಟೆ ಎಸೆಯುತ್ತಿದ್ದ. ಆದರೆ ಮನೆಗೆ ಬಂದವರು ಉಂಡು ಏಳುವ ಮುಂಚೆ ಎದ್ದು ಹೋಗುವ ಗಂಡಸು ಆ ಸೀಮೆಯಲ್ಲಿ ಹುಟ್ಟಿಲ್ಲ.

ಆರನೇ ವಾರ ಪರೀಕ್ಷೆ. ಡಾಕ್ಟ್ರಮ್ಮ ಕಾಗದ ಹಿಡಿದು ಕುರ್ಚಿಯಿಂದ ಎದ್ದಳು.

"ಇನ್ನೂರ ಇಪ್ಪತ್ತೆಂಟು! ಲಿವರಿನ ಅಂಕಿನೂ ಇಳಿದಿದೆ. ಏಳು ಕಿಲೋ ತೂಕ ಕಡಿಮೆ. ನೋಡಿದ್ಯಾ ಅಣ್ಣ, ಬೀರು, ಕೊಬ್ಬು ಬಿಟ್ಟು ಸೊಪ್ಪು, ಕಾಳು ತಿಂದಿದ್ದಕ್ಕೆ!"

"ನಾನೆಲ್ಲಿ ತಿಂದೆ ಡಾಕ್ಟ್ರಮ್ಮ? ಅವರಿಗೆ ಬಡಿಸಿದೆ. ಕೆಲಸ ಎಲ್ಲ ಅವರದ್ದೇ."

ಡಾಕ್ಟ್ರಮ್ಮ ಬಾಯಿ ತೆರೆದಳು. ಪಕ್ಕದಲ್ಲಿದ್ದ ಬುವಾಲೈ ಮೆಲ್ಲಗೆ ಆಕೆಯ ಕಾಲು ತುಳಿದಳು. ಡಾಕ್ಟ್ರಮ್ಮ ಬಾಯಿ ಮುಚ್ಚಿ ಹಳದಿ ಚೆಂಡು ತೆಗೆದುಕೊಟ್ಟಳು.

ಹಬ್ಬದ ದಿನ ಲಾಪ್ ಚಪ್ಪರದಲ್ಲಿ ಸಾಖೋನ್ ಎಲ್ಲರ ಮುಂದೆ ಸೌಟನ್ನು ಸುಬಿನನ ಕೈಗಿಟ್ಟ. ವಿಚಿತ್ ಸಕ್ಕರೆ ಪೊಟ್ಟಣವನ್ನು ಜೇಬಿನಲ್ಲೇ ಹಿಸುಕಿಕೊಂಡು ನಿಂತ. ಸುಬಿನ್ ಕೊಚ್ಚಿದ, ಕಲಸಿದ, ಖಾರ ಹಾಕಿದ, ಪುದೀನ ಉದುರಿಸಿದ. ಹತ್ತೊಂಬತ್ತು ವರ್ಷದ ಕೈ, ಮರೆತಿರಲಿಲ್ಲ. ಕೊನೆಗೆ ಮೊದಲ ತುತ್ತು ಎತ್ತಿದ. ಬಾಣಕ್ಕೆ ಬೆಂಕಿ ಇಡುವವನು ಕಡ್ಡಿ ಹಿಡಿದು ಕಾಯುತ್ತಿದ್ದ.

ತುತ್ತು ಬಾಯಿ ಹತ್ತಿರ ಬಂತು. ಮುಂಗೈ ಮೇಲೆ ಒಂದು ದಾರ ಮಿಂಚಿತು.

ಹತ್ತಿಯ ದಾರಗಳೆಲ್ಲ ಕೊಳೆತು ಎಂದೋ ಉದುರಿದ್ದವು. ಉಳಿದದ್ದು ಇದೊಂದೇ, ಅಧಿಕಾರಿ ಕಟ್ಟಿದ್ದು. ಸರ್ಕಾರದ ದಾರ ಬಲು ಗಟ್ಟಿ ಅಂತ ಸುಬಿನ್ ಇಷ್ಟು ದಿನ ಹೆಮ್ಮೆ ಪಡುತ್ತಿದ್ದ. ಈಗ ಬಿಸಿಲಿಗೆ ಹಿಡಿದು ನೋಡಿದ. ಹೊಸದರ ಹಾಗೆ ಹೊಳೆಯುತ್ತಿತ್ತು. ನೈಲಾನ್. ಅದೂ ಅವನದೇ ಮೀನಿನ ಬಲೆಯ ನೈಲಾನ್. ಹೊಂಡದ ನೀರಲ್ಲಿ ಎಂಟು ವರ್ಷ ನೆನೆದರೂ ಏನೂ ಆಗದ್ದು.

ಚಪ್ಪರದ ಮೂಲೆಯಲ್ಲಿ ಪಿಂಪಾ ಅಜ್ಜ ಆಗಲೇ ಹಬ್ಬ ಶುರು ಮಾಡಿದ್ದ. "ಏನೋ ನೋಡ್ತೀಯ?" ಅಂತ ನಾಲಿಗೆ ತೊದಲಿದ. "ಮೂರೇ ದಿನ ಅಂತ ನಾನು ಹೇಳ್ದೆ. ನಿನ್ನ ಹೆಂಡ್ತಿ ಕೇಳಲಿಲ್ಲ. ದಾರ ಉದುರೋ ತನಕ ಅನ್ನಿಸೋಕೆ ಒಂದು ಬಾಟಲಿ ಕೊಟ್ಲು. ಆದ್ರೆ ಉದುರದೇ ಇರೋ ದಾರ ತರ್ತಾಳೆ ಅಂತ ನಂಗೂ ಗೊತ್ತಿರಲಿಲ್ಲ ಕಣಪ್ಪ. ಗೊತ್ತಿದ್ರೆ ಎರಡು ಬಾಟಲಿ ಕೇಳ್ತಿದ್ದೆ."

ಊರು ನಗಲು ಬಾಯಿ ತೆರೆಯಿತು. ಸುಬಿನನ ಇನ್ನೊಂದು ಕೈಯಲ್ಲಿ ಕೊಚ್ಚುವ ಕತ್ತಿ ಇತ್ತು. ಕೂದಲು ಸೀ‍ಳುವಷ್ಟು ಹರಿತ. ಒಂದು ಎಳೆ ತಾನೇ. ಆತ ಬುವಾಲೈಯ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ. ಕತ್ತಿಯನ್ನೇ ನೋಡುತ್ತ ನಿಂತಿದ್ದಳು. ಅಪ್ಪನ ಕೈ ಹಳದಿಯಾದ ದಿನ ಹೇಗೆ ನಿಂತಿದ್ದಳೋ ಹಾಗೆ.

ಸುಬಿನನಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಒಂದು ಸುತ್ತು ತಿರುಗಿದ, ಇನ್ನೊಂದು ಸುತ್ತು ತಿರುಗಿದ. ಆಮೇಲೆ ಕತ್ತಿ ಕೆಳಗಿಟ್ಟ. ಎತ್ತಿದ್ದ ತುತ್ತನ್ನು ಬಾಣಲೆಗೆ ಹಾಕಿ, ಒಲೆಯ ಮೇಲೆ ಚೆನ್ನಾಗಿ ಬೇಯಿಸಿ, ಬುವಾಲೈಯ ಮುಂದೆ ಹಿಡಿದ.

"ನೀನು ನೋಡು."

"ಹೆಂಗಸು ರುಚಿ ನೋಡೋದಾ?" ಅಂದ ವಿಚಿತ್.

"ಸಕ್ಕರೆಯವನು ಸುಮ್ನಿರು" ಅಂದ ಸುಬಿನ್. "ನನ್ನನ್ನ ಆರು ವಾರ ಹದವಾಗಿ ಬೇಯಿಸಿದೋಳು ಅವಳು. ಇದ್ಯಾವ ಲೆಕ್ಕ."

ಬುವಾಲೈ ತಿಂದಳು. ಕಣ್ಣು ಮುಚ್ಚಿ ಅಗಿದಳು. "ಹುಳಿ ಕಮ್ಮಿ. ಎರಡು ನಿಂಬೆ ಹಿಂಡು."

ಹಿಂಡಿದ.

"ಆಯ್ತು" ಅಂದಳು.

ಬಾಣ ಸುಯ್ಯೆಂದು ಮೇಲೇರಿತು. ಊರೆಲ್ಲ ಕತ್ತು ಎತ್ತಿ ಕೇಕೆ ಹಾಕುತ್ತಿರುವಾಗ ಸುಬಿನನ ಹೊಟ್ಟೆ ಬಾಣಕ್ಕಿಂತ ಜೋರಾಗಿ ಗುಡುಗಿತು. ಆತ ಚಪ್ಪರದ ಹಿಂದೆ ಹೋಗಿ, ಮನೆಯಿಂದ ತಂದಿದ್ದ ಬಾಳೆಹೂವಿನ ಬುತ್ತಿ ಬಿಚ್ಚಿ, ಹೊಟ್ಟೆಯನ್ನು ಮೆಲ್ಲಗೆ ತಟ್ಟಿದ.

"ಸುಮ್ನಿರ್ರೋ, ಬಡಿಸ್ತಾ ಇದೀನಿ. ನಿಮ್ಮ ದೆಸೆಯಿಂದ ಹಬ್ಬದ ದಿನಾನೂ ಹುಲ್ಲು ತಿನ್ನೋ ಹಾಗಾಯ್ತು." ಒಂದು ತುತ್ತು ಬಾಯಿಗಿಟ್ಟು, ಬಲಗೈಯ ದಾರವನ್ನು ಒಮ್ಮೆ ಎಳೆದು ನೋಡಿದ. ಬಿಗಿಯಾಗಿಯೇ ಇತ್ತು.